ಮೂರನೇ ಮಹಡಿಯ ಹಿಮ್ಮಡಿ ತಾಳ

ಫ್ರೆಂಚರ ವಸಾಹತಾದ ಸಾಂ-ದೊಮಾಂಗ್‌ನ ಕಾಪ್ ಪಟ್ಟಣದ ನಾಟಕಶಾಲೆಯಲ್ಲಿ ಉರ್ಸುಲ್ ಹದಿನಾರು ವರ್ಷ ಉಡುಪು ಹೊಲಿದಳು. ಪ್ಯಾರಿಸ್ಸಿನ ಹಾಡುಗಳ ನಗೆನಾಟಕ ಹಡಗಿನಿಂದ ಇಳಿದ ತಿಂಗಳೊಳಗೆ ನಮ್ಮ ಕ್ರಿಯೋಲ್ ಮಾತಿಗೆ ತಿರುಗುತ್ತಿತ್ತು. ಅಲ್ಲಿಯ ಜಮೀನ್ದಾರ ಇಲ್ಲಿ ಕಬ್ಬಿನ ತೋಟದ ದಣಿ, ಅಲ್ಲಿಯ ಹಳ್ಳಿ ಹುಡುಗಿ ಇಲ್ಲಿ ಕರಿ ಹುಡುಗಿ. ಆ ಪಾತ್ರಕ್ಕೆ ಬಿಳಿಯಳಾದ ಮದಾಂ ವಾಲ್ಕೂರ್ ಮುಖಕ್ಕೆ ಮಸಿ ಬಳಿದುಕೊಳ್ಳುತ್ತಿದ್ದಳು. ನಡಿಗೆ, ಮಾತು ಎಲ್ಲ ಹೇಳಿಕೊಟ್ಟವಳು ಉರ್ಸುಲ್. ಚಪ್ಪಾಳೆ ಯಾರಿಗೆ ಬಿತ್ತು ಅಂತ ಕೇಳಬೇಡಿ. ಮಸಿ ಹಚ್ಚಿಕೊಂಡವರಿಗೆ ರಂಗ, ಹುಟ್ಟಿನಿಂದಲೇ ಆ ಬಣ್ಣದವರಿಗೆ ಕೂತು ನೋಡಲು ಮೂರನೇ ಮಹಡಿ; ಅದೂ ಗುಲಾಮಗಿರಿಯಿಂದ ಬಿಡುಗಡೆಯ ಕಾಗದ ಇದ್ದರೆ.

ಉರ್ಸುಲ್‌ಗೆ ಕಾಗದವಿತ್ತು, ತಮ್ಮ ಹಿಲೇರನಿಗಿರಲಿಲ್ಲ. ನಾಟಕಶಾಲೆಗೆ ಪಿಟೀಲು ನುಡಿಸಲು ಬಿಟ್ಟಿದ್ದ ದಣಿ ಅವನನ್ನು ಕಬ್ಬಿನ ಗಾಣಕ್ಕೆ ವಾಪಸ್ ಕರೆದ. ಗಾಣ ಎಷ್ಟು ಜನರ ಕೈ ನುಂಗಿತ್ತೋ! ಹಿಲೇರ್ ಓಡಿಬಂದು ಎಂಟು ದಿನ ಅಕ್ಕನ ಮನೆಯ ಬಟ್ಟೆರಾಶಿಯ ಕೆಳಗೆ ಅಡಗಿದ. ಓಡಿಹೋದವನನ್ನು ಬಚ್ಚಿಟ್ಟವಳ ಕಾಗದವೂ ಹರಿಯುತ್ತದೆ, ಅವಳು ಮತ್ತೆ ಗುಲಾಮಳೇ.

ಒಂಬತ್ತನೇ ದಿನ ಅವಳ ಬೀದಿಯಲ್ಲಿ ಮನೆಮನೆ ತಪಾಸಣೆ. ಗುಟ್ಟಾಗಿ ಸಮುದ್ರ ದಾಟಿಸುವ ದೋಣಿಯವನು ಬರುವುದು ರಾತ್ರಿ ಆಟ ಮುಗಿದ ಮೇಲೆ. ಬೇರೆ ದಾರಿ ಕಾಣದೆ ಅವಳು ತೀರಿಹೋದ ಗಂಡನ ಕೋಟು, ಬೂಟು ತೊಡಿಸಿ ತಮ್ಮನನ್ನು ಮೂರನೇ ಮಹಡಿಯಲ್ಲಿ, ಮೀನು ಮಾರುವ ಅಗಾತ್ ದೊಡ್ಡಮ್ಮನ ಪಕ್ಕ ಕೂರಿಸಿದಳು. ಆಟ ನೋಡುವವರ ನಡುವೆ ಅವನನ್ನು ಯಾರು ಹುಡುಕುತ್ತಾರೆ? ಕೆಳಗೆ, ಓಡಿಹೋದವರನ್ನು ಹಿಡಿಯುವ ಗಸ್ತಿನ ದಳಪತಿಯೇ ಕಾಲುಚಾಚಿ ಕೂತಿದ್ದ.

ಎರಡನೇ ಅಂಕದ ಹಾಡಿಗೆ ಹೊಸ ಪಿಟೀಲುಗಾರ ತಾಳ ತಪ್ಪಿದ. ಆಗ ಮೇಲಿನಿಂದ ಕೇಳಿಸಿತು: ಧಪ್, ಧಪ್. ಗುಲಾಮರಿಗೆ ಬರಿಗಾಲೇ ಗತಿ. ಬೂಟು ಕಚ್ಚುತ್ತದೆಂದು ಹಿಲೇರ್ ಬಿಚ್ಚಿಟ್ಟಿದ್ದ. ಕೆಟ್ಟ ತಾಳ ಕೇಳಲಾರದೆ, ಐದು ವರ್ಷ ಪಿಟೀಲಿನ ಜೊತೆ ಹಾಕಿದಂತೆಯೇ ಬರಿ ಹಿಮ್ಮಡಿಯಿಂದ ತಾಳ ಹಾಕತೊಡಗಿದ. ಆ ಸದ್ದನ್ನು ಊರೇ ಬಲ್ಲದು. ದಳಪತಿ ತಲೆಯೆತ್ತಿದ.

ಪರದೆಯ ಮರೆಯಲ್ಲಿ ಮದಾಂಳ ಲಂಗದ ಅಂಚು ಹೊಲಿಯುತ್ತಿದ್ದ ಉರ್ಸುಲ್‌ಳ ಸೂಜಿ ಜಾರಿತು.

"ಅಯ್ಯೋ, ಚುಚ್ಚಿದೆಯಲ್ಲೇ! ಏನಾಗಿದೆ ನಿಂಗೆ?"

"ಏನಿಲ್ಲ ಅಮ್ಮಾವ್ರೇ."

ಮೆಟ್ಟಿಲ ಮೇಲೆ ದಳಪತಿಯ ಬೂಟಿನ ಸದ್ದು.

ಮೇಲೆ ನಡೆದದ್ದನ್ನು ದೊಡ್ಡಮ್ಮ ಆಮೇಲೆ ಹೇಳಿದಳು. "ಬೂಟು ಹಾಕ್ಕೊಳೋ ಮುಠ್ಠಾಳ!" ಎಂದು ಅವನ ತೊಡೆ ಚಿವುಟಿ, ತಾನೇ ಚಪ್ಪಲಿ ಬಿಟ್ಟು ಹಿಮ್ಮಡಿ ಬಡಿದಳಂತೆ. ನೋಡನೋಡುತ್ತ ಸಾಲಿಗೆ ಸಾಲೇ ಬಡಿಯಿತು.

"ಏನಿದು ಗಲಾಟೆ?" ದಳಪತಿ ಗದರಿದ.

"ಹಾಡು ಕುಂಟ್ತಾ ಇತ್ತು ದಣಿ, ಊರುಗೋಲು ಕೊಟ್ವಿ" ಅಂದಳು ದೊಡ್ಡಮ್ಮ.

ಕೆಳಗಿನ ಬಿಳಿಯರೂ ನಕ್ಕು ಚಪ್ಪಾಳೆ ತಟ್ಟಿದರು. ಅವನು ಹಲ್ಲು ಕಚ್ಚಿಕೊಂಡು ಇಳಿದ. ಆಟ ಮುಗಿದಾಗ ಗುಂಪಿನಲ್ಲಿ ಮರೆಯಾಗಿ ಹಿಲೇರ್ ದೋಣಿಗೆ ಹೋದ.

ಆ ನಾಟಕ ಮತ್ತೆ ಹದಿನಾಲ್ಕು ಸಲ ನಡೆಯಿತು. ಪ್ರತಿ ಸಲ ಆ ಹಾಡಿಗೆ ಮೇಲಿನವರು ಹಿಮ್ಮಡಿ ಬಡಿದರು. ಫ್ರಾನ್ಸಿನಿಂದ ಹೊಸದಾಗಿ ಬಂದವರು ಅದನ್ನು ಈ ಊರಿನ ಸಂಪ್ರದಾಯ ಅಂದುಕೊಂಡರು. ಉರ್ಸುಲ್ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ತಮ್ಮನ ಸುದ್ದಿಯೇ ಇರಲಿಲ್ಲ. ಓಡಿಹೋಗಿ ಸಿಕ್ಕಿಬಿದ್ದ ಗುಲಾಮರ ಪಟ್ಟಿ ಪ್ರತಿ ಶನಿವಾರ ಪತ್ರಿಕೆಯಲ್ಲಿ ಬರುತ್ತಿತ್ತು. ಓದು ಬಾರದ ಅವಳು ಕ್ಷೌರದಂಗಡಿಯವನಿಂದ ಓದಿಸುತ್ತಿದ್ದಳು.

"ಪಿಟೀಲಿನವನು ಯಾರಾದ್ರೂ ಇದಾನಾ ಅಣ್ಣಾ?"

"ಇಲ್ಲ ಕಣವ್ವ."

ಅಷ್ಟು ಕೇಳಿದರೆ ಮುಂದಿನ ಶನಿವಾರದವರೆಗೆ ಉಸಿರಾಡುತ್ತಿದ್ದಳು. ಸಮುದ್ರದಲ್ಲಿ ಮುಳುಗಿದವರ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.