ಮಗಳ ಸೊಂಟದ ಪಿಸ್ತೂಲು, ನನ್ನ ಸೊಂಟದ ಚಂಚಿ

ಬೆಳಗಾವಿಗೆ ಬಂದ ಮೊದಲ ಸಂಜೆ ನನ್ನ ಮಗಳನ್ನು ಅಪ್ಪಿಕೊಂಡಾಗ ನನ್ನ ಕೈಗೆ ಕಬ್ಬಿಣ ತಾಗಿತು.

ಅಪ್ಪಿಕೊಳ್ಳುವುದು ನಮ್ಮಲ್ಲಿ ರೂಢಿಯಿಲ್ಲ. ಮಗಳು ತವರಿಗೆ ಬಂದರೆ ಗಲ್ಲ ಸವರಿ ಲಟಿಕೆ ಮುರಿಯುತ್ತೇವೆ, ಅಷ್ಟೇ. ಆದರೆ ಅವತ್ತು ಗಿರಿಜಾ ಕೆಲಸದಿಂದ ಬರುವುದು ತಡವಾಗಿತ್ತು. ಹೊಸ ಮನೆಯಲ್ಲಿ ಯಾವ ಗುಂಡಿ ಒತ್ತಿದರೆ ಯಾವ ದೀಪ ಹತ್ತುತ್ತದೆ ಎಂದು ತಿಳಿಯದೆ ನಾನು ಮಬ್ಬಿನಲ್ಲೇ ಕೂತಿದ್ದೆ. ಅವಳು ಒಳಗೆ ಕಾಲಿಟ್ಟ ಕೂಡಲೇ ಎದ್ದು ಹಿಡಿದುಕೊಂಡೆ. ಚೂಡಿದಾರದ ಕೆಳಗೆ, ಬಲಸೊಂಟದ ಮೇಲೆ, ಗಟ್ಟಿಯಾದದ್ದು ಏನೋ ಇತ್ತು.

"ಅವ್ವಾ, ಆ ಬಾಜು ಬ್ಯಾಡ," ಎಂದಳು. "ಕೈ ತಗಿ. ಸಾವಕಾಶ."

ಅಕ್ಷತಾ, ಸಮರ್ಥ, ಮೊಮ್ಮಕ್ಕಳೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ನಾಲ್ಕು ಮಂದಿ ಸೇರಿದರೆ ನನ್ನ ಮಾತು ಸೆರಗಿನೊಳಗೇ ಉಳಿದುಬಿಡುತ್ತದೆ. ಊರ ಸಾಲೆಯಲ್ಲಿ ಕಲಿತ ಕನ್ನಡ ಒಂದಿದೆ, ಅದರಲ್ಲಿ ಬರೆದರೆ ಧೈರ್ಯ ಬರುತ್ತದೆ. ನಿಮ್ಮ ಅವ್ವ ಬರೆಯಬಹುದು ಎಂದಷ್ಟನ್ನೇ ಬರೆಯುತ್ತೇನೆ.

ಜಾಂಬೋಟಿ ಕಡೆಯ ನಮ್ಮ ಹಳ್ಳಿಯಲ್ಲಿ ಬಂದೂಕು ಗುಟ್ಟಿನ ವಸ್ತುವಲ್ಲ. ಭತ್ತದ ತೆನೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಗದ್ದೆಗೆ ನುಗ್ಗುತ್ತವೆ. ಬೆಳೆ ಕಾಯಲೆಂದು ಕೆಲವರಿಗೆ ಲೈಸೆನ್ಸ್ ಕೊಡುತ್ತಾರೆ, ನಿಮ್ಮ ಅಜ್ಜನಿಗೂ ಕೊಟ್ಟಿದ್ದರು. ಉದ್ದನೆಯ ಬಂದೂಕು ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಬಂದವರು ಮೊದಲು ಅದನ್ನು ನೋಡಿ ಆಮೇಲೆ ನಮ್ಮನ್ನು ಮಾತನಾಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ಖಾನಾಪುರದ ಠಾಣೆಗೆ ಒಪ್ಪಿಸಬೇಕಾಯಿತು. ಮೈದುನನ ಜೊತೆ ಬಸ್ಸಿನಲ್ಲಿ, ಅವರದೇ ಧೋತರದಲ್ಲಿ ಸುತ್ತಿಕೊಂಡು ಒಯ್ದೆ. ಯಾರಿಗೂ ಗುರುತು ಸಿಗದಂತೆ ಸುತ್ತಿದ್ದೇನೆ ಎಂದೇ ನನ್ನ ಭಾವನೆ. ಕಂಡಕ್ಟರ್ ಹತ್ತಿರ ಬಂದು, "ಬಂದೂಕಿಗೆ ಅರ್ಧಾ ತಿಕೀಟ ತಗೀಲೇನ್ರೀ ಅಕ್ಕಾರ?" ಎಂದ. ಇಡೀ ಬಸ್ಸು ನಕ್ಕಿತು.

ಹಾಗೆ ಅದನ್ನು ಒಪ್ಪಿಸಿ, ಇನ್ನು ನನ್ನ ಬಾಳಿನಲ್ಲಿ ಬಂದೂಕಿನ ಋಣ ಮುಗಿಯಿತು ಎಂದುಕೊಂಡು ಶಿವಬಸವ ನಗರದ ಈ ಬಾಡಿಗೆ ಮನೆಗೆ ಬಂದವಳು ನಾನು.

ನಿಮ್ಮ ಅವ್ವ ಆಗ ಪೊಲೀಸ್ ಕೆಲಸದಲ್ಲಿ 'ಮಫ್ತಿ'ಗೆ ಬಿದ್ದಿದ್ದಳು. ಮಫ್ತಿ ಎಂದರೆ ಖಾಕಿ ಬಿಟ್ಟು ಸಾದಾ ಬಟ್ಟೆಯಲ್ಲಿ ಮಾಡುವ ಕೆಲಸ. ಕೆಲಸ ಕೊಡಿಸುತ್ತೇವೆಂದು ಹುಡುಗಿಯರನ್ನು ಪುಸಲಾಯಿಸಿ ಕರೆದೊಯ್ಯುವವರನ್ನು ಹಿಡಿಯಲು ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ, ಊರಿಗೆ ಹೊರಟ ಹೆಂಗಸಿನಂತೆ ಕೈಚೀಲ ಹಿಡಿದು ಕೂರಬೇಕು. ಪಿಸ್ತೂಲು ಮೈಮೇಲೆ ಇರಬೇಕು, ಯಾರಿಗೂ ಕಾಣಬಾರದು. ಹಳ್ಳಿಯ ಬಂದೂಕು ಹಂದಿಗೆ ಕಂಡರೆ ಅರ್ಧ ಕೆಲಸ ಆದಂತೆ. ಪ್ಯಾಟೆಯದು ಕಂಡರೆ ಕೆಲಸ ಕೆಟ್ಟಂತೆ.

ನಗರದಲ್ಲಿ ನನಗೆ ಕಲಿಯಬೇಕಾದದ್ದು ಬಹಳ ಇತ್ತು. ನಮ್ಮ ಕಡೆ ಗದ್ದೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಯಾವಾಗ ಯಾವುದು ಎಂದು ನಾಲಿಗೆಗೇ ಗೊತ್ತು. ಇಲ್ಲಿ ತರಕಾರಿಯವಳು ನನ್ನ ಸೀರೆ ಉಟ್ಟ ರೀತಿ ನೋಡಿ ಮರಾಠಿಯಲ್ಲಿ ಶುರುಮಾಡುವಳು, ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ ತಾನೂ ಹೊರಳುವಳು, ಅಷ್ಟರಲ್ಲಿ ನಾನು ಮರಾಠಿಗೆ ಹೊರಳಿರುತ್ತಿದ್ದೆ. ಅಕ್ಕಿಗೆ ವಾಸನೆಯಿಲ್ಲ. ಬಾಗಿಲ ಹೊರಗೆ ನೀರಿಲ್ಲ; ನಳ ಬಚ್ಚಲಿನೊಳಗೆ, ಬಚ್ಚಲು ಮನೆಯೊಳಗೆ. ಹೊರಗಿನ ಧೂಳನ್ನು ಇಡೀ ಮನೆ ದಾಟಿಸಿ ಒಯ್ದು ತೊಳೆಯಬೇಕು. ಇದು ನನಗೆ ಬಹಳ ದಿನ ಸರಿಬರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕುತೂಹಲ ಮಾತ್ರ ಗಿರಿಜಾಳ ಸೊಂಟದ ಮೇಲೆ. ಒಂದು ರವಿವಾರ ಧೈರ್ಯ ಮಾಡಿ ಕೇಳಿದೆ. ಅವಳು ನಕ್ಕು, ನೆಲದ ಮೇಲೆ ಕೂತು, ತನ್ನ ತೊಂದರೆಗಳನ್ನು ಹೇಳಿದಳು.

"ಗಂಡಸರಿಗೇನು, ದಪ್ಪಂದ ಬೆಲ್ಟ್ ಇರ್ತದ, ಮ್ಯಾಲ ಅಂಗಿ. ನಮ್ಮ ಪೈಜಾಮಕ್ಕ ಲಾಡಿ. ಇದರ ಭಾರಕ್ಕ ಲಾಡಿ ಜಗ್ಗತದ. ಕುರ್ತಾದ ಬಾಜೂಕ ಸೀಳು ಇರ್ತದಲ್ಲ, ಗಾಳಿ ಬಂತಂದ್ರ ಹಾರ್ತದ. ಇನ್ನ ಬಚ್ಚಲಕ್ಕ ಹೋಗೂದು ಬ್ಯಾರೇನ ಒಂದು ಕತಿ, ಅದನ್ನ ನಿನಗ ಹೇಳಾಂಗಿಲ್ಲ."

"ಕೈಚೀಲದಾಗ ಇಡಬಾರದನ?"

"ಇಟ್ಟಿದ್ದೆ. ಕೈಚೀಲ ಯಾರರ ಕಸ್ಕೊಂಡ ಹೋಗಬಹುದು. ಅದಕ್ಕಿಂತ ಹೆಚ್ಚಂದ್ರ," ಎಂದು, ಅಕ್ಷತಾ, ನಿನ್ನ ಕಡೆ ನೋಡಿದಳು. ನೀನು ಮೂಲೆಯಲ್ಲಿ ಗೊಂಬೆಗೆ ಸೀರೆ ಉಡಿಸುತ್ತಿದ್ದೆ, ಆಗ ಇನ್ನೂ ಸಾಲೆಗೆ ಹೊಸಬಳು. "ಇಕಿ ದಿನಾ ಸಂಜಿಕ ನನ್ನ ಚೀಲದಾಗ ಚಾಕಲೇಟ್ ಹುಡುಕತಾಳ. ಅದಕ್ಕ ಚೀಲದಾಗ ಇಡೂದ ಬಿಟ್ಟೆ."

ಸರಿಯಾದ ಮಾತು. ಆದರೆ ಚೀಲದಿಂದ ಸೊಂಟಕ್ಕೆ ಬಂದದ್ದು ಇನ್ನೊಂದು ಕಡೆ ಚುಚ್ಚುತ್ತಿತ್ತು. ಗೇಟಿನ ಸಪ್ಪಳವಾದರೆ ನೀನು ಓಡಿ ಹೋಗಿ ಅವ್ವನ ಸೊಂಟಕ್ಕೆ ತೆಕ್ಕೆಬೀಳುವವಳು. ನಿನ್ನ ಎತ್ತರಕ್ಕೆ ಸಿಗುವುದು ಸೊಂಟವೇ. ಅವಳು ಬಲಗೈ ಮೊಣಕೈಯನ್ನು ಅಡ್ಡ ಮಾಡಿ, ಎಡಗೈಯಿಂದ ನಿನ್ನ ತಲೆ ಸವರಿ, ಸರಸರನೆ ಕೋಣೆಗೆ ಹೋಗಿ ಪಿಸ್ತೂಲನ್ನು ಕಪಾಟಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಳು. ಹೊರಗೆ ಬರುವಷ್ಟರಲ್ಲಿ ನಿನ್ನ ಮುಖ ಸಣ್ಣದಾಗಿರುತ್ತಿತ್ತು. ಅವ್ವನಿಗೆ ಸೊಂಟನೋವು ಎಂದು ನಿನಗೆ ಹೇಳಿದ್ದರು.

"ಆಯಿ, ಅವ್ವ ನನ್ನ ದೂಡ್ತಾಳ," ಎಂದು ನೀನು ನನಗೆ ಒಬ್ಬಳಿಗೇ ಹೇಳಿದೆ.

ಆಮೇಲೊಂದು ಸಂಜೆ ಗೇಟು ಸಪ್ಪಳವಾಯಿತು, ನೀನು ಏಳಲಿಲ್ಲ. ಗೊಂಬೆಯ ಕೂದಲು ಹೆಣೆಯುತ್ತಲೇ ಇದ್ದೆ.

"ಯಾಕವಾ, ಇವತ್ತ ಓಡಿ ಬರಲಿಲ್ಲ?" ಎಂದು ಗಿರಿಜಾ ಕೇಳಿದಳು.

"ನಿನಗ ನೋಯ್ತದಲ್ಲ," ಎಂದೆ ನೀನು, ತಲೆ ಎತ್ತದೆ.

ನಿಮ್ಮ ಅವ್ವ ಅಡುಗೆಮನೆಗೆ ಬಂದು ನೀರು ತುಂಬಿಕೊಂಡು ನಿಂತಳು. ಕುಡಿಯಲಿಲ್ಲ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮಾತನಾಡಬೇಕಾಗುತ್ತಿತ್ತು.

ಮರುದಿನದಿಂದ ನಾನು ಆ ಪಿಸ್ತೂಲಿನ ಹಿಂದೆ ಬಿದ್ದೆ. ನನ್ನ ಚಂಚಿಯನ್ನು ನೀವು ನೋಡಿದ್ದೀರಿ: ಎಲೆ, ಅಡಿಕೆ, ಸುಣ್ಣದ ಡಬ್ಬಿಗೆ ಬೇರೆಬೇರೆ ಜೇಬಿರುವ ಬಟ್ಟೆಯ ಚೀಲ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಅದರೊಳಗೆ ಅಡಿಕೆ ಕತ್ತರಿಸುವ ಕಬ್ಬಿಣದ ಅಡಕೊತ್ತೂ ಇರುತ್ತದೆ. ಭತ್ತ ನೆಡುವಾಗ, ಬಾಗುವಾಗ, ಹೊರೆ ಹೊರುವಾಗ ನನ್ನ ಸೊಂಟದಲ್ಲಿ ಆ ಕಬ್ಬಿಣ ಇದ್ದೇ ಇರುತ್ತಿತ್ತು, ಒಂದು ದಿನವೂ ಒತ್ತಲಿಲ್ಲ. ಮೆತ್ತಗೆ ಇದ್ದರೆ ಮಗುವಿಗೂ ಚುಚ್ಚುವುದಿಲ್ಲವಲ್ಲ ಎಂದುಕೊಂಡೆ. ಹಳೆಯ ಖಣದಿಂದ ದಪ್ಪ ಪದರು ಹಾಕಿ ದೊಡ್ಡ ಚಂಚಿಯೊಂದನ್ನು ಹೊಲಿದೆ. ಪಿಸ್ತೂಲಿನಷ್ಟು ಭಾರ ಬರಲೆಂದು ಅಡಕೊತ್ತಿನ ಜೊತೆಗೆ ಬಾಗಿಲಿನ ಬೀಗವನ್ನೂ ಅದರಲ್ಲಿ ಹಾಕಿ, ಕಟ್ಟಿಕೊಂಡು ಮನೆ ಗುಡಿಸಿದೆ, ಬಟ್ಟೆ ಒಗೆದೆ. ಹೊಟ್ಟೆಯ ಮುಂದೆ ಕಟ್ಟಿದರೆ ಕುಂತಾಗ ಒತ್ತುತ್ತದೆ. ಬೆನ್ನಿಗೆ ಕಟ್ಟಿದರೆ ಒರಗಲಾಗದು. ಸೊಂಟದ ಎಲುಬಿನ ಸ್ವಲ್ಪ ಹಿಂದೆ ಒಂದು ತಗ್ಗಿದೆ, ಅಲ್ಲಿ ಇಟ್ಟರೆ ಭಾರ ಮರೆತುಹೋಗುತ್ತದೆ.

ಗಿರಿಜಾ ನೋಡಿ, "ಯಾರ್ನ ಹಿಡ್ಯಾಕ ಹೊಂಟೀರಿ, ಸಾಹೇಬರ?" ಎಂದಳು.

"ನಿನ್ನ," ಎಂದೆ.

ಚಂಚಿಯನ್ನು ಅವಳಿಗೆ ಕೊಟ್ಟೆ. ಅವಳು ಪಿಸ್ತೂಲಿನ ಗುಂಡುಗಳನ್ನೆಲ್ಲ ತೆಗೆದು, ಮತ್ತೆ ಮತ್ತೆ ಒಳಗೆ ಇಣುಕಿ ಖಾಲಿಯೆಂದು ಖಾತ್ರಿ ಮಾಡಿಕೊಂಡು, ಹಿತ್ತಲಿನ ಮಣ್ಣಿನ ದಿಬ್ಬದ ಕಡೆ ಮೂತಿ ಮಾಡಿ ಚಂಚಿಯೊಳಗೆ ಇಟ್ಟಳು. ಹೊರಗಿನಿಂದ, ಬಟ್ಟೆಯ ಮೇಲೆಯೇ, ಬೆರಳಿನಿಂದ ಒತ್ತಿದಳು. ಟಕ್ ಎಂದಿತು.

ಆ ಸಪ್ಪಳ ನನಗೆ ಗೊತ್ತಿತ್ತು. ಬೆರಳಿನಿಂದ ಎಳೆಯುವ ಆ ಕೊಕ್ಕೆಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ.

"ಅರಿವಿ ಮೆತ್ತಗ ಇರ್ತದ, ಅವ್ವಾ. ಅದಕ್ಕ ಕುದರಿ ಒತ್ತತದ. ಅಕ್ಷತಾ ತೆಕ್ಕಿ ಬಿದ್ಲಂದ್ರ?" ಎಂದು ಅವಳು ನಿಧಾನವಾಗಿ ಹೇಳಿದಳು. "ಕುದರಿ ಮ್ಯಾಲ ಗಟ್ಟಿ ಕವಚ ಇರಬೇಕು. ಅದು ಮೊದಲ್ನೇದು. ಸುಖ ಆಮ್ಯಾಲ."

ಚಂಚಿಯನ್ನು ಬಿಚ್ಚಿ ಕೈಒರೆಸುವ ಬಟ್ಟೆ ಮಾಡಿದೆ. ಆದರೆ ಆ ತಗ್ಗಿನ ಜಾಗ ಅವಳಿಗೆ ಹಿಡಿಸಿತ್ತು. ಇಲಾಖೆಯವರು ಕೊಟ್ಟ ಗಟ್ಟಿ ಕವಚವನ್ನೇ ಅಲ್ಲಿ ಕೂರಿಸಲು ಅಗಲವಾದ ಪಟ್ಟಿಯೊಂದು ಬೇಕಾಗಿತ್ತು. ಹಿಂದಿನ ಓಣಿಯಲ್ಲಿ ಖೈರುನ್ನಿಸಾ ಎಂಬ ದರ್ಜಿ ಇದ್ದಾಳೆ. ಬುರ್ಖಾ, ಕುಪ್ಪಸ, ಸಾಲೆಯ ಅಂಗಿ ಎಲ್ಲ ಹೊಲಿಯುತ್ತಾಳೆ. ಮಗಳ ಸೊಂಟನೋವಿಗೆ ಪಟ್ಟಿ ಬೇಕೆಂದು ನಾನು ಕೇಳಿದೆ. ಸುಳ್ಳು ಹೇಳುವಾಗ ನನ್ನ ಕಿವಿ ಬಿಸಿಯಾಗುತ್ತದೆ.

ಅವಳು ಗಿರಿಜಾಳ ಅಳತೆ ತೆಗೆದಳು. "ಒಳಗ ಕ್ಯಾನ್ವಾಸ್ ಹಾಕ್ತೀನಿ, ಅಮ್ಮಾ, ಬಗ್ಗೂದಿಲ್ಲ. ಮೈಗೆ ಹತ್ತೂ ಕಡೆ ಹತ್ತಿ ಬಟ್ಟಿ, ಬೆವರು ಕುಡೀತದ. ನೋವು ಯಾವ ಕಡೆ?"

"ಬಲಕ್ಕ," ಎಂದೆ.

"ಬಲಕ್ಕ ಎಷ್ಟ ಜಾಗಾ ಬಿಡ್ಲಿ?"

ನಾನು ಕೈಯಿಂದ ಅಳತೆ ತೋರಿಸಿದೆ. ಅವಳು ಅದನ್ನು ನೋಡಿದಳು, ಗಿರಿಜಾಳ ನಿಲುವನ್ನು ನೋಡಿದಳು, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡಳು. "ಹಾಂ ಜೀ. ನೋವಿಗೂ ಮೂತಿ ಇರ್ತದ ಒಮ್ಮೊಮ್ಮೆ," ಎಂದಳು. ಗಿರಿಜಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಖೈರುನ್ನಿಸಾ ಇವತ್ತಿನವರೆಗೂ ಒಂದು ಮಾತು ಹೊರಗೆ ಬಿಟ್ಟಿಲ್ಲ. ನಾನು ಎದುರು ಸಿಕ್ಕಾಗ, "ನೋವು ಹೆಂಗೈತಿ?" ಎಂದಷ್ಟೇ ಕೇಳುತ್ತಾಳೆ. ಈ ಊರಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು.

ಪಟ್ಟಿ ಬಂತು. ಭಾರ ಲಾಡಿಯ ಮೇಲೆ ಬೀಳದೆ ಇಡೀ ಸೊಂಟಕ್ಕೆ ಹಂಚಿಹೋಯಿತು. ಕುರ್ತಾದ ಸೀಳನ್ನು ಎರಡು ಬೆರಳು ಕೆಳಗಿಳಿಸಿ ಹೊಲಿದೆ, ಗಾಳಿಗೂ ಹಾರಲಿಲ್ಲ. ದೊಡ್ಡ ದೊಡ್ಡ ಹೂವಿನ ಬಟ್ಟೆಯಾದರೆ ಉಬ್ಬು ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನೂ ಕಂಡುಕೊಂಡೆವು. ಗಿರಿಜಾಳ ನಡಿಗೆ ನೆಟ್ಟಗಾಯಿತು. ಅವಳು ಅಂಗಳದಲ್ಲಿ ಆಕಡೆ ಈಕಡೆ ಓಡಾಡಿ, "ಎಲ್ಲಿ ಐತಿ ಹೇಳು ನೋಡೂಣು," ಎಂದಳು. ಗೊತ್ತಿದ್ದ ನನಗೂ ಕಾಣಲಿಲ್ಲ. ಬಹಳ ಹೆಮ್ಮೆಯಾಯಿತು.

ಹೆಮ್ಮೆ ಸಂಜೆಯವರೆಗೆ ಉಳಿಯಿತು. ಅವಳು ಬಂದಳು, ನೀನು ಗೊಂಬೆ ಬಿಟ್ಟು ಎದ್ದೆ. ಅವ್ವ ನೆಟ್ಟಗೆ ನಡೆಯುತ್ತಿದ್ದಾಳೆ, ನೋವು ಹೋಗಿದೆ ಎಂದುಕೊಂಡಿರಬೇಕು. ನಕ್ಕು ಎರಡು ಹೆಜ್ಜೆ ಓಡಿದೆ. ಅವಳ ಮೊಣಕೈ ಮತ್ತೆ ಅಡ್ಡ ಬಂತು. ಸುಖವಾಗಿ ಕೂತರೂ, ಕಣ್ಣಿಗೆ ಕಾಣದಿದ್ದರೂ, ಅದು ಗುಂಡು ತುಂಬಿದ ಪಿಸ್ತೂಲೇ. ಅದರ ಮೇಲೆ ಮಗುವಿನ ಕೈ ಬೀಳಲು ಯಾವ ತಾಯಿ ಬಿಡುತ್ತಾಳೆ? ನೀನು ನಡುಮನೆಯಲ್ಲೇ ನಿಂತೆ. ಅಳಲಿಲ್ಲ, ವಾಪಸು ಹೋಗಿ ಕೂತೆ. ಮುಚ್ಚಿಡುವುದನ್ನು ನಾವು ಚೆನ್ನಾಗಿ ಕಲಿತಷ್ಟೂ ನಿನಗೆ ಕಾರಣ ತಿಳಿಯದೇ ಹೋಗುತ್ತಿತ್ತು.

ಆ ವಾರ ನಾನು ಊರಿಗೆ ಹೋಗಿ ಬಂದೆ. ಜಾಂಬೋಟಿಯ ಕೆಂಪು ಕೆಸರು ಪಾದಕ್ಕೆ ಮೆತ್ತಿತ್ತು. ಇದನ್ನು ಮನೆ ದಾಟಿಸಿ ಒಯ್ಯಲು ಮನಸ್ಸಾಗದೆ, ಹಿತ್ತಲ ಬಾಗಿಲಿಗೆ ಬಕೆಟ್ಟು, ತಂಬಿಗೆ ಇಟ್ಟು ಅಲ್ಲೇ ಕಾಲು ತೊಳೆದುಕೊಂಡೆ. ತೆಗೆಯುವುದು ಮರೆತಿತ್ತು. ಸಂಜೆ ಗಿರಿಜಾ ಗಾಡಿ ನಿಲ್ಲಿಸಲು ಹಿತ್ತಲಿಗೆ ಬಂದವಳು ತಂಬಿಗೆ ನೋಡಿ ನಿಂತುಬಿಟ್ಟಳು.

"ಅವ್ವಾ," ಎಂದು ಕರೆದಳು. "ಅಪ್ಪ ಗದ್ದಿಯಿಂದ ಬಂದಾಗ ಏನ್ ಮಾಡ್ತಿದ್ದ?"

"ಏನ ಮಾಡ್ತಿದ್ರು? ಹಲಸಿನ ಗಿಡದ ಬುಡಕ ನಿಂತು ಕಾಡತೂಸ ತಗೀತಿದ್ರು. ಬಂದೂಕ ಗೂಟಕ್ಕ ಹಾಕಿ, ಹೊರಗ ಬಂದು ಕಾಲ ತೊಳಕೋತಿದ್ರು."

"ಅಲ್ಲೀತನಕಾ ನಾ ಹೊಸ್ತಿಲದಾಗ ಕುಂಡ್ರತಿದ್ದೆ. ಕಾಲ ತೊಳದ ಮ್ಯಾಲ ಹೆಗಲ ಮ್ಯಾಲ ಹೊತ್ಕೋತಿದ್ದ. ಒಂದಿನಾನೂ ನನಗ ಸಿಟ್ಟು ಬಂದಿಲ್ಲ," ಎಂದಳು. ಬಗ್ಗಿ ತಂಬಿಗೆಯನ್ನು ಎತ್ತಿಕೊಂಡಳು. "ಅಪ್ಪ ಯಾಕ ತಡಾ ಮಾಡ್ತಾನ ಅಂತ ನನಗ ಕಾಣ್ತಿತ್ತಲ್ಲ."

ಆ ರವಿವಾರ ನಿಮ್ಮ ಅಪ್ಪ ಕಬ್ಬಿಣದ ಪೆಟ್ಟಿಗೆಯನ್ನು ಮಲಗುವ ಕೋಣೆಯಿಂದ ತಂದು ಹಿತ್ತಲ ಬಾಗಿಲ ಪಕ್ಕದ ಗೋಡೆಗೆ, ನಿನ್ನ ಕೈಗೆಟುಕದ ಎತ್ತರಕ್ಕೆ ಬಡಿದರು. ಗಿರಿಜಾ ನಿನ್ನನ್ನು ಕೂರಿಸಿಕೊಂಡು, ಸೊಂಟನೋವು ಸುಳ್ಳು ಎಂದು ಹೇಳಿದಳು. ಅವ್ವನ ಬಳಿ ಕೆಲಸದ ಒಂದು ಸಾಮಾನಿದೆ, ಅದನ್ನು ಯಾರೂ ಮುಟ್ಟಬಾರದು, ನೋಡಿದೆನೆಂದು ಹೊರಗೆ ಹೇಳಬಾರದು, ಅದು ಪೆಟ್ಟಿಗೆಗೆ ಹೋಗಿ ಅವ್ವ ಕಾಲು ತೊಳೆದ ಮೇಲೆ ಅವ್ವ ನಿನ್ನವಳು.

ನೀನು ವಿಚಾರ ಮಾಡಿ, "ಎರಡೂ ಕಾಲ?" ಎಂದು ಕೇಳಿದೆ.

"ಎರಡೂ ಕಾಲ."

ಸೋಮವಾರ ನೀನು ಹಿತ್ತಲ ಹೊಸ್ತಿಲ ಒಳಗೆ ಬೆನ್ನು ಮಾಡಿ ಕೂತೆ. ಹೊರಗೆ ಬೀಗದ ಸಪ್ಪಳ, ಆಮೇಲೆ ತಂಬಿಗೆಯ ನೀರು. "ಆತು," ಎಂದಳು ಅವಳು. ನೀನು ಎಷ್ಟು ಜೋರಾಗಿ ಹಾಯ್ದೆ ಎಂದರೆ ಅವಳು ಒದ್ದೆ ನೆಲದ ಮೇಲೆ ಕುಕ್ಕರಿಸಿದಳು. ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಆ ಎಡಗೈ ಬಲಗೈ ಎರಡನ್ನೂ ಒಟ್ಟಿಗೆ ನಿನ್ನ ಬೆನ್ನ ಮೇಲೆ ನಾನು ನೋಡಿದ್ದು ಈ ಊರಿಗೆ ಬಂದ ಮೇಲೆ ಅದೇ ಮೊದಲು.

ಸಮರ್ಥ, ನೀನು ಹುಟ್ಟುವಷ್ಟರಲ್ಲಿ ಇದು ನಮ್ಮ ಮನೆಯ ಪದ್ಧತಿಯಾಗಿತ್ತು. ಎಲ್ಲ ಅವ್ವಂದಿರೂ ಹಿತ್ತಲಲ್ಲಿ ಕಾಲು ತೊಳೆದೇ ಬರುತ್ತಾರೆ ಎಂದು ನೀನು ತಿಳಿದಿದ್ದೀ.

ಈಗಲೂ ನಾನು ಗದ್ದೆ ನೋಡಲು ಊರಿಗೆ ಹೋಗುತ್ತೇನೆ. ಪಡಸಾಲೆಯ ಗೂಟ ಖಾಲಿಯಿದೆ. ಬಂದವರು ಮೊದಲು ಅದನ್ನೇ ನೋಡುತ್ತಾರೆ. "ಪ್ಯಾಟಿಯವರು ಬಂದ್ರು," ಎನ್ನುತ್ತಾಳೆ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ಇಲ್ಲಿ ತರಕಾರಿಯವಳು ಇನ್ನೂ ನನ್ನನ್ನು "ಜಾಂಬೋಟಿ ಅಮ್ಮಾರ" ಎನ್ನುತ್ತಾಳೆ. ಎರಡಕ್ಕೂ ನಾನು ಹೂಂ ಎನ್ನುತ್ತೇನೆ.

ಹೋದ ಸಲ ಊರಿಂದ ಬಂದಾಗ, ಅಕ್ಷತಾ, ನೀನು ಓಡಿ ಬಂದು ನನ್ನನ್ನು ಹಿಡಿದುಕೊಂಡೆ. ಈಗ ನೀನು ನನ್ನ ಭುಜಕ್ಕೆ ಬರುತ್ತೀ. ಕೈ ಸೊಂಟಕ್ಕೆ ತಾಗಿತು, ಚಂಚಿಯೊಳಗಿನ ಅಡಕೊತ್ತಿಗೆ. ನೀನು ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದು, ಹಿತ್ತಲ ಕಡೆ ಬೊಟ್ಟು ಮಾಡಿದೆ.

"ಆಯಿ, ಕಬ್ಬಣ ಐತಿ. ಹಿಂದಿನ ಬಾಗಿಲಿಂದ ಬಾ. ಕಾಲ ತೊಳಕೋ ಮೊದಲ."

ನಾನು ಮನೆ ಸುತ್ತು ಹಾಕಿ ಹೋದೆ. ಚಂಚಿಯನ್ನು ಪೆಟ್ಟಿಗೆಯ ಕೆಳಗಿನ ಮೊಳೆಗೆ ಹಾಕಿದೆ. ಊರಿನ ಕೆಂಪು ಮಣ್ಣು ತಂಬಿಗೆಯ ನೀರಿಗೆ ಕರಗಿ ಈ ಊರಿನ ಗಟಾರದ ಕಡೆ ಹೊರಟಿತು. ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿದಿತ್ತು, ಅದು ಹೋಗಲಿಲ್ಲ, ನಾನೂ ತಿಕ್ಕಲಿಲ್ಲ. ಒಳಗಿನಿಂದ ನೀನು, "ಆತೇನ?" ಎಂದು ಕೇಳಿದೆ.

"ಆತು," ಎಂದೆ.