ಕುಡಿಯುವ ಕೆರೆಯಲ್ಲಿ ಎರಡು ಸಲ ಈಜಿದವಳು

ನಾನು ಕೆರೆಯ ನಟ್ಟನಡುವೆ ಇದ್ದೆ. ದಂಡೆಯ ಮೇಲೆ ಮೂವತ್ತೇಳು ಹೆಂಗಸರು ಕೊಡ ಕೆಳಗಿಟ್ಟು, ಎರಡೂ ಕೈ ಎತ್ತಿ, ನನ್ನ ಕಡೆ ನೋಡಿ ಕೂಗುತ್ತಿದ್ದರು. ಈ ಊರಿಗೆ ಬಂದು ಮೂರು ದಿನ ಕೂಡ ತುಂಬಿರಲಿಲ್ಲ, ಆಗಲೇ ಇಷ್ಟು ಅಭಿಮಾನಿಗಳು ಎಂದು ನನಗೆ ಹೆಮ್ಮೆಯಾಯಿತು. ಅವರಿಗಾಗಿ ಒಮ್ಮೆ ಮುಳುಗಿ ಎದ್ದೆ. ಅಂಗಾತ ತೇಲಿದೆ. ಕೂಗು ಇನ್ನೂ ಜೋರಾಯಿತು. ಒಂದು ಕಾಲು ಮೇಲೆತ್ತಿ ತೋರಿಸಿದೆ.

ಹೆಂಗಸರು ಮೂವತ್ತೇಳಲ್ಲ, ಹನ್ನೊಂದು ಎನ್ನುತ್ತಾಳೆ ಅಮ್ಮ. ಅಮ್ಮ ನರ್ಸು, ಅವಳಿಗೆ ಎಣಿಸುವ ಚಟ.

ಕೊನೆಗೆ ಕೋಲು ಹಿಡಿದ ಒಬ್ಬ ಮುದುಕಿ ಮೆಟ್ಟಿಲಿಳಿದು ನೀರಿನ ಅಂಚಿಗೆ ಬಂದು ನಿಂತಳು. ಅವಳು ಕೂಗಲಿಲ್ಲ. "ಮ್ಯಾಲೆ ಬಾ ಬೇ. ಅದು ನಾವು ಕುಡಿಯೂ ನೀರು" ಎಂದಳಷ್ಟೆ.

ಹೊಳೆ ದಂಡೆಯಲ್ಲಿ ಕೂತು ಇದನ್ನು ಓದುತ್ತಿರುವ ನಮ್ಮ ಹೊನ್ನಾವರ ಕಡೆಯವರೇ, ನಗಬೇಡಿ. ನಿಮಗೆ ಮನೆಗೊಂದು ಬಾವಿ, ಬಾವಿಗೊಂದು ಆಮೆ, ವರ್ಷಕ್ಕೆ ನಾಲ್ಕು ತಿಂಗಳು ಆಕಾಶವೇ ತೂತು. ನೀರು ಕಂಡರೆ ಹಾರಬೇಕು ಎಂದು ನಮಗೆ ನಡೆಯಲು ಕಲಿಸುವ ಮೊದಲೇ ಕಲಿಸುತ್ತಾರೆ. ಇಲ್ಲಿ, ನವಲಗುಂದ ತಾಲೂಕಿನ ಈ ಊರಿನಲ್ಲಿ, ನೆಲ ಕೊರೆದರೆ ಬರುವುದು ಸವಳು ನೀರು. ಸವಳು ಅಂದರೆ ಉಪ್ಪುಪ್ಪಾದದ್ದು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ನನ್ನ ಕೂದಲು ತೆಂಗಿನ ನಾರಾಯಿತು. ಕುಡಿಯಲು ಇರುವುದು ಇದೊಂದೇ ಕೆರೆ. ಕಾಲುವೆಗೆ ನೀರು ಬಿಟ್ಟಾಗ ತುಂಬಿಸಿಕೊಂಡರೆ ಮತ್ತೆ ಬಿಡುವ ತನಕ ಇಡೀ ಊರಿನ ಬಾಯಿಗೆ ಅದೇ. ಆ ಬಾಯಿಯೊಳಗೆ ನಾನು ಕಾಲೆತ್ತಿ ತೋರಿಸಿದ್ದೆ.

ಯಾರೂ ನನಗೆ ಒಂದು ಹೆಂಟೆ ಕೂಡ ಎಸೆಯಲಿಲ್ಲ. ದೊಡ್ಡ ಮನಸ್ಸಿನವರು ಎಂದುಕೊಂಡೆ. ಆಮೇಲೆ ತಿಳಿಯಿತು, ಈ ಕೆರೆಗೆ ಮಣ್ಣಿನ ಹೆಂಟೆ ಎಸೆಯುವುದೂ ತಪ್ಪು. ನನ್ನ ತಲೆ ಉಳಿದದ್ದು ನೀರಿನ ಮೇಲಿನ ಗೌರವದಿಂದ.

ಆ ಮುದುಕಿಯ ಹೆಸರು ಫಕೀರವ್ವ. ಎಂಟು ಕುರಿ ಸಾಕಿಕೊಂಡು, ಊರಿನವರು ಹೇಳಿದ್ದಕ್ಕೆ ಕೆರೆಯನ್ನೂ ಕಾಯುತ್ತಾಳೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ನನ್ನನ್ನು ಅವಳು ವಿಚಾರಣೆ ಮಾಡಿದ್ದು ಹೀಗೆ.

"ನಿಮ್ಮೂರಾಗ ನೀರು ಕುಡಿಯೂದಿಲ್ಲೇನು?"

"ಕುಡಿತೇವೆ. ಬಾವಿದು."

"ಹಂಗಾರ ಬಾವ್ಯಾಗ ಈಜಬೇಕಿತ್ತಲ್ಲ."

ಬಾವಿಯಲ್ಲೂ ಈಜಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಓಡಿಬಂದು ನನ್ನ ಬಾಯಿ ಮುಚ್ಚಿದಳು, ಅಕ್ಷರಶಃ, ಅಂಗೈಯಿಂದ. ಅಮ್ಮನಿಗೆ ಈ ಊರಿನ ಆರೋಗ್ಯ ಉಪಕೇಂದ್ರಕ್ಕೆ ವರ್ಗವಾಗಿದ್ದರಿಂದಲೇ ನಾವಿಬ್ಬರು ಇಲ್ಲಿಗೆ ಬಂದದ್ದು. ಅಪ್ಪ ದೋಣಿ ಬಿಟ್ಟು ಬರಲಾರೆ ಎಂದು ಅಲ್ಲೇ ಉಳಿದ. ನೀರು ಕಾಯಿಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಬೇಕಾದವಳ ಮಗಳೇ ನೀರಿನಲ್ಲಿ ಬಿದ್ದಿದ್ದಳು. ಅಮ್ಮನ ಕಿವಿ ಕೆಂಪಾಗಿತ್ತು.

ಹಿರಿಯರು ಬೇವಿನ ಗಿಡದ ಕೆಳಗೆ ಸೇರಿದರು. (ಇಲ್ಲಿ ಎಷ್ಟೇ ದೊಡ್ಡ ಮರವಾದರೂ ಗಿಡವೇ. ಮೊದಲ ವಾರ ನಾನು ಗಿಡ ಹುಡುಕುತ್ತಾ ನೆಲ ನೋಡಿಕೊಂಡು ತಿರುಗಿದ್ದೆ.) ಬೈದು ಬಿಟ್ಟುಬಿಡೋಣ, ಹೊಸಬಳು, ಗೊತ್ತಿರಲಿಲ್ಲ ಎಂದು ಒಬ್ಬರು ಹೇಳಿದರು. ಫಕೀರವ್ವ ಒಪ್ಪಲಿಲ್ಲ. "ಬೈಗಳ ಈ ಕಿವ್ಯಾಗ ಹೊಕ್ಕು ಆ ಕಿವ್ಯಾಗ ಹೊಂಡತಾವ. ಹದಿನೈದು ದಿನ ನನ್ನ ಸಂಗಾಟ ಕೆರಿ ಕಾಯಲಿ."

ಹೀಗೆ ನಾನು ಧಾರವಾಡ ಜಿಲ್ಲೆಯ ಅತಿ ಚಿಕ್ಕ ವಯಸ್ಸಿನ ಕೆರೆ ಕಾವಲುಗಾರ್ತಿಯಾದೆ. ಇದು ದಾಖಲೆ ಎಂದು ಎಲ್ಲ ಗೆಳತಿಯರಿಗೂ ಫೋನ್ ಮಾಡಿ ಹೇಳಿದೆ. ಯಾವ ಪುಸ್ತಕದಲ್ಲಿ ದಾಖಲೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂಜಾನೆ ಕಾಲೇಜಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ ಕಾವಲು. ಕಾನೂನು ಸರಳ. ಚಪ್ಪಲಿ ಬೇವಿನ ಗಿಡದ ಹತ್ತಿರವೇ ಬಿಡಬೇಕು. ಕೊಡವನ್ನು ಮನೆಯಲ್ಲೇ ತಿಕ್ಕಿ ತರಬೇಕು, ಇಲ್ಲಿ ಬರೀ ಅದ್ದಬೇಕು. ದನಕ್ಕೆ ಬೇರೆ ಹೊಂಡ ಇದೆ. ಫಕೀರವ್ವ ತನ್ನ ಕುರಿಗಳನ್ನೇ ಹತ್ತಿರ ಬಿಡುವುದಿಲ್ಲ, ದೂರದ ಹಳ್ಳಕ್ಕೆ ಹೊಡೆದುಕೊಂಡು ಹೋಗುತ್ತಾಳೆ. ಎಲ್ಲಕ್ಕಿಂತ ದೊಡ್ಡ ಕಾನೂನು ಬೆಳೆಗೆ ಔಷಧಿ ಹೊಡೆಯುವವರಿಗೆ. ಸವಳು ನೀರಿನಲ್ಲಿ ಔಷಧಿ ಸರಿಯಾಗಿ ಬೆರೆಯುವುದಿಲ್ಲವಂತೆ, ಅದಕ್ಕೆ ಅವರೂ ಕೆರೆಯ ನೀರಿಗೇ ಬರುತ್ತಾರೆ. ಬರಲಿ, ಆದರೆ ಕೊಡದಲ್ಲಿ ನೀರು ಒಯ್ದು, ರಸ್ತೆಯಾಚೆಗಿನ ಜಾಲಿ ಗಿಡ ದಾಟಿದ ಮೇಲೆ ಬೆರೆಸಿಕೊಳ್ಳಬೇಕು.

ಕೆಲಸ ಸುಲಭ, ಕಷ್ಟವಾದದ್ದು ಉಳಿದ ಸಮಯ. ನಾವು ಬಾಡಿಗೆಗೆ ಹಿಡಿದ ಮನೆಯ ಮಾಳಿಗೆ ಮಣ್ಣಿನದು, ಚಪ್ಪಟೆ. ಹಂಚಿಲ್ಲದ ಮನೆಯನ್ನು ನೋಡಿ, ಪಾಪ, ಕಟ್ಟುವಾಗ ಅರ್ಧಕ್ಕೇ ನಿಲ್ಲಿಸಿದ್ದಾರೆ ಎಂದುಕೊಂಡಿದ್ದೆ. ಸಮುದ್ರದ ಸದ್ದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮಾಳಿಗೆ ಹತ್ತಿ ನೋಡಿದರೆ ಎರೆಹೊಲ, ಕಪ್ಪಗೆ, ಒಂದು ಗುಡ್ಡವೂ ಅಡ್ಡವಿಲ್ಲದೆ ಆಕಾಶ ಮುಟ್ಟುವ ತನಕ. ಅಲೆ ನಿಂತುಹೋದ ಕಡಲಿನ ಹಾಗೆ. ದೂರದಲ್ಲಿ ಒಂದು ಟ್ರ್ಯಾಕ್ಟರ್ ಬಂದರೆ ಅಪ್ಪನ ದೋಣಿಯೇನೋ ಎಂದು ನೋಡುತ್ತಿದ್ದೆ. ಇದನ್ನು ಮಾತ್ರ ನಾನು ಹಿಗ್ಗಿಸಿ ಹೇಳುತ್ತಿಲ್ಲ.

ಊಟದ ಕಥೆಯನ್ನು ಕೇಳಬೇಡಿ. ಮೀನಿಲ್ಲ. ಹದಿನಾರು ವರ್ಷ ಮೀನಿನ ಮೇಲೆ ಕಟ್ಟಿದ ಈ ದೇಹ ನಾಲ್ಕನೇ ದಿನಕ್ಕೆ ಕುಸಿಯತೊಡಗಿತು. ಕಾವಲಿನ ಐದನೇ ದಿನ ಫಕೀರವ್ವ ತನ್ನ ಬುತ್ತಿ ಬಿಚ್ಚಿದಳು. ಕಟಕ್ ಎಂದು ಮುರಿಯುವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದಿಯ ಹೊಲದಿಂದ ಚಿವುಟಿ ತಂದ ಕಡಲೆ ಸೊಪ್ಪು. ಉಳ್ಳಾಗಡ್ಡಿಯನ್ನು, ಅಂದರೆ ಈರುಳ್ಳಿಯನ್ನು, ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಒಂದೇ ಗುದ್ದು. ಆ ಗುದ್ದು ನೋಡಿದ ಮೇಲೆ ಅವಳ ಮಾತು ಮೀರುವ ವಿಚಾರ ನನ್ನ ತಲೆಗೆ ಬಂದಿಲ್ಲ. ಸೊಪ್ಪು ಬಾಯಿಗಿಟ್ಟೆ. ಹುಳಿ. ಎಲೆಯ ಮೇಲೇ ಹುಳಿ ಕೂತಿರುತ್ತದೆ. ಅಮ್ಮ ಮೀನಿಗೆ ಹಾಕುವ ಹುಣಸೆ ನೆನಪಾಗಿ, ಕಣ್ಣಲ್ಲಿ ನೀರು ಬಂತು. ಫಕೀರವ್ವ ನೋಡಿದಳು. "ಉಳ್ಳಾಗಡ್ಡಿ ಭಾಳ ಖಾರ ಐತಿ" ಎಂದು ಬೇರೆ ಕಡೆ ತಿರುಗಿದಳು.

ಹನ್ನೆರಡನೇ ದಿನ ಸಂಜೆ ಅದು ಆದದ್ದು.

ಫಕೀರವ್ವ ಕುರಿ ಕಟ್ಟಲು ಹೋಗಿದ್ದಳು. ಹೆಂಗಸರು ನೀರು ತುಂಬುತ್ತಿದ್ದರು. ಆಗ ಸಣ್ಣಗೌಡ ಬೈಕಿನಲ್ಲಿ ಬಂದರು. ಆ ಕಡೆಯ ಹೊಲವೆಲ್ಲ ಅವರದ್ದೇ, ಅರ್ಧ ಊರು ಅವರ ಹೊಲದಲ್ಲೇ ಕೂಲಿ ಮಾಡುತ್ತದೆ. ಕಡಲೆಗೆ ಕಾಯಿ ಕೊರೆಯುವ ಹುಳ ಬಿದ್ದಿತ್ತು, ಬೆನ್ನಿಗೆ ಹಾಕುವ ಔಷಧಿ ಪಂಪು ತಂದಿದ್ದರು. ಚಪ್ಪಲಿ ಹಾಕಿಕೊಂಡೇ ಮೆಟ್ಟಿಲಿಳಿದರು. ಹೆಂಗಸರು ಸೆರಗು ಎಳೆದುಕೊಂಡು ಬದಿಗೆ ಸರಿದರು. ಅವರು ಕೊನೆಯ ಮೆಟ್ಟಿಲ ಮೇಲೆ ಪಂಪಿಟ್ಟು, ಅಲ್ಲೇ ಬೆರೆಸಲು ಔಷಧಿಯ ಬಾಟಲಿ ತೆಗೆದು, ಮುಚ್ಚಳ ತಿರುಗಿಸತೊಡಗಿದರು. ಒಬ್ಬರೂ ಮಾತಾಡಲಿಲ್ಲ. ಅವತ್ತು ನನ್ನ ಮೇಲೆ ಮೂವತ್ತೇಳು ಬಾಯಿಯಿಂದ ಕೂಗಿದವರು ಇವರೇ ಏನು ಎಂದು ನೋಡಿದೆ. ಇವರೇ.

"ಕಾಕಾ, ಇಲ್ಲಿ ಬೆರೆಸಬಾರದು. ಜಾಲಿ ಗಿಡದ ಆಚೆ ಹೋಗಿ" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

ಅವರು ತಿರುಗಿ ನೋಡಿದರು. "ನೀ ಯಾರ ಬೇ?"

"ಕೆರೆ ಕಾಯುವವಳು."

ಅವರಿಗೆ ನಗು ಬಂತು. ನಗುತ್ತಾ ನನ್ನ ಕಡೆ ಒಂದು ಹೆಜ್ಜೆ ಇಟ್ಟರು. ಪಾಚಿಯ ಮೆಟ್ಟಿಲು, ಕಾಲಲ್ಲಿ ಚಪ್ಪಲಿ. ಜಾರಿದರು. ಮನುಷ್ಯ ಮೆಟ್ಟಿಲ ಮೇಲೆ ಕೂತರು, ಬಾಟಲಿ ಮಾತ್ರ ಹಾರಿ ನೀರಿಗೆ ಬಿತ್ತು.

ಅದು ಮುಳುಗಲಿಲ್ಲ. ಕುತ್ತಿಗೆ ಹೊರಗೆ ಹಾಕಿಕೊಂಡು ತೇಲಿತು. ಗಾಳಿ ಅದನ್ನು ಮೆಲ್ಲಗೆ ನಡುವಿನ ಕಡೆ ಒಯ್ಯತೊಡಗಿತು. ಮುಚ್ಚಳ ಎಷ್ಟು ತಿರುಗಿಸಿದ್ದರು, ಸಡಿಲವಾಗಿದೆಯೋ ಬಿಗಿಯಾಗಿದೆಯೋ, ಗೊತ್ತಿಲ್ಲ. ಅವರೇ ಬೆವರುತ್ತಾ ಗೊತ್ತಿಲ್ಲ ಎಂದರು. ಮಗುಚಿ ಮುಚ್ಚಳ ಬಿಟ್ಟರೆ ಔಷಧಿ ಸೇರುವುದು ಊರು ಮುಂದಿನ ಬೇಸಿಗೆಯ ತನಕ ಕುಡಿಯಬೇಕಾದ ನೀರಿಗೆ.

ಯಾರೋ ಉದ್ದದ ಗಳ ತಂದರು, ಸಾಲಲಿಲ್ಲ. ಇನ್ಯಾರೋ ಹಗ್ಗ ಎಂದರು. ಆಗ ನನಗೆ ಹೊಳೆಯಿತು. ಈ ಊರಿನಲ್ಲಿ ಯಾರಿಗೂ ಈಜು ಬರುವುದಿಲ್ಲ. ಹೇಗೆ ಬರಬೇಕು? ಇರುವ ಒಂದು ಕೆರೆಗೆ ತಲೆತಲಾಂತರದಿಂದ ಯಾರೂ ಇಳಿದೇ ಇಲ್ಲ.

ಫಕೀರವ್ವ ಏದುಸಿರು ಬಿಡುತ್ತಾ ಬಂದಳು. ಬಾಟಲಿ ನೋಡಿದಳು. ನನ್ನನ್ನು ನೋಡಿದಳು.

"ಹದಿನೈದು ದಿನ ಇನ್ನೂ ಮುಗಿದಿಲ್ಲ ಆಯಿ" ಎಂದೆ.

"ನಡಿ ನಡಿ. ಮೊದಲ ಕಾಲು ತೊಳ್ಕೊ."

ಹೌದು, ಇಳಿಯುವ ಮೊದಲು ನನ್ನನ್ನು ದಂಡೆಯ ಆಚೆ ನಿಲ್ಲಿಸಿ, ಒಂದು ಕೊಡ ನೀರನ್ನು ನನ್ನ ಕಾಲಿಗೆ ಸುರಿದಳು. ಊರು ಮುಳುಗುತ್ತಿದ್ದರೂ ಕಾನೂನು ಕಾನೂನೇ.

ಶರಾವತಿಯನ್ನು ನಾನು ಆರು ಸಲ ದಾಟಿದ್ದೇನೆ. (ಎರಡು ಸಲ. ಒಂದು ಸಲ ಅರ್ಧದಿಂದ ದೋಣಿಯಲ್ಲಿ.) ಆದರೆ ಇಷ್ಟು ನಿಧಾನ ಎಂದೂ ಈಜಿರಲಿಲ್ಲ. ಕೈ ಬಡಿದರೆ ಅಲೆ ಏಳುತ್ತದೆ, ಅಲೆ ಎದ್ದರೆ ಬಾಟಲಿ ಮಗುಚುತ್ತದೆ. ಮೂಗಿನ ತನಕ ನೀರಿನಲ್ಲಿದ್ದು, ಕಪ್ಪೆಯ ಹಾಗೆ, ಸದ್ದಿಲ್ಲದೆ. ನೋಡುವವರು ಇಷ್ಟು ಜನ ಇದ್ದಾಗ ಏನೂ ತೋರಿಸದೆ ಈಜಿದ್ದು ಜೀವನದಲ್ಲಿ ಅದೇ ಮೊದಲು. ಕೈ ಚಾಚಿದೆ, ಒಂದು ಗೇಣು ದೂರ ಸರಿಯಿತು. ಉಸಿರು ಹಿಡಿದು ಮತ್ತೆ ಚಾಚಿದೆ. ಸಿಕ್ಕಿತು. ಹೆಬ್ಬೆರಳನ್ನು ಮುಚ್ಚಳದ ಮೇಲೆ ಒತ್ತಿ, ಬಾಟಲಿಯನ್ನು ತಲೆಯ ಮೇಲೆತ್ತಿ, ಅಂಗಾತವಾಗಿ ಒಂದೇ ಕೈಯಲ್ಲಿ ಹಿಂದಕ್ಕೆ ಬಂದೆ.

ದಂಡೆಯಲ್ಲಿ ಎಲ್ಲರೂ ಕೂಗುತ್ತಿದ್ದರು. ಈ ಸಲ ನಾನು ಜಾಣೆ, ಬೈಗುಳ ಎಂದು ಗೊತ್ತಿತ್ತು. ಏನು ತಪ್ಪು ಮಾಡಿದೆ, ಕಾಲು ಸರಿಯಾಗಿ ತೊಳೆದಿರಲಿಲ್ಲವೇ ಎಂದು ಹೆದರುತ್ತಾ ಮೆಟ್ಟಿಲು ಮುಟ್ಟಿದೆ. ಹತ್ತು ಕೈಗಳು ನನ್ನನ್ನು ಎಳೆದುಕೊಂಡವು. ಅದು ಬೈಗುಳವಾಗಿರಲಿಲ್ಲ.

ಅಷ್ಟರಲ್ಲಿ ಓಡಿಬಂದ ಅಮ್ಮ ನನ್ನ ಕಡೆ ನೋಡಲೂ ಇಲ್ಲ. "ಮುಚ್ಚಳ?" ಎಂದಳು. ಬಾಟಲಿಯನ್ನು ಬಟ್ಟೆಯಲ್ಲಿ ಹಿಡಿದು, ಒರೆಸಿ, ಮೆಲ್ಲಗೆ ತಿರುಗಿಸಿದಳು. ಒಂದು ಸುತ್ತಿಗೇ ಮುಚ್ಚಳ ಕಳಚಿಬಂತು. ಅದರ ಕೆಳಗೆ ಬೆಳ್ಳಿ ಹಾಳೆಯ ಸೀಲು, ಹೊಸದು, ಒಂದು ಗೀರೂ ಇಲ್ಲದೆ ಮಿನುಗುತ್ತಿತ್ತು. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಹೆಂಗಸರೂ ಒಬ್ಬೊಬ್ಬರಾಗಿ ಕೂತರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನನಗೆ ಹದಿನೈದು ದಿನ. ಕಾಕಾಗೆ ಎಷ್ಟು?" ಎಂದು ಕೇಳಿದೆ.

ಸಣ್ಣಗೌಡ ಪಂಪು ಎತ್ತಿಕೊಂಡು ಹೊರಟಿದ್ದರು. ಫಕೀರವ್ವ ಕೋಲೂರಿಕೊಂಡು ಅವರ ದಾರಿಗೆ ಬಂದು ನಿಂತಳು.

"ಗೌಡ್ರ, ಹಿಂದ ಎಷ್ಟು ಸಲ ಇಲ್ಲೇ ಬೆರಸೀರಿ?"

ಅವರು ನೆಲ ನೋಡಿದರು.

"ನಮ್ಮ ಮಕ್ಕಳೂ ಇದನ್ನ ಕುಡೀತಾವ, ನಿಮ್ಮ ಮಕ್ಕಳೂ ಇದನ್ನ ಕುಡೀತಾವ. ನಾಳೆ ಮುಂಜಾನೆ ಬರ್ರಿ. ಕುಂದರಾಕ ಗ್ವಾಣಿಚೀಲ ನಾ ಹಾಸತೀನಿ."

ಅವರು ಹೆಂಗಸರ ಕಡೆ ನೋಡಿದರು. ಮೊದಲು ಸರಿದು ನಿಂತಿದ್ದವರು ಈಗ ಸರಿಯಲಿಲ್ಲ. ತುಂಬಿದ ಕೊಡಗಳನ್ನು ಮೆಟ್ಟಿಲ ಉದ್ದಕ್ಕೂ ಇಟ್ಟು ನಿಂತೇ ಇದ್ದರು.

"ಆತು, ಬರತೀನಿ ತಗೋ" ಎಂದರು ಗೌಡರು, ಬಹಳ ಸಣ್ಣ ಧ್ವನಿಯಲ್ಲಿ.

ಬಂದರು. ಹದಿನೈದೂ ದಿನ ಬಂದರು. ಮೊದಲ ಮೂರು ದಿನ ಅವರೂ ನಾನೂ ಒಂದೇ ಗೋಣಿಚೀಲ ಹಂಚಿಕೊಂಡೆವು. ಮನೆಯಿಂದ ಒರಗುವ ಲೋಡು ತರಿಸಿಕೊಂಡರು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ, ಅದು ಸುಳ್ಳು. ಎರಡನೇ ದಿನವೇ ಅವರು ಚಪ್ಪಲಿ ಬಿಟ್ಟು ಬರದ ತಮ್ಮ ಆಳಿಗೆ ಗದರಿಸಿದ್ದು ಮಾತ್ರ ನಿಜ. ಜಾಲಿ ಗಿಡದಾಚೆ ತಮ್ಮದೇ ಒಂದು ಡ್ರಮ್ಮು ಇಡಿಸಿದರು, ಔಷಧಿ ಹೊಡೆಯುವವರೆಲ್ಲ ಈಗ ಅಲ್ಲೇ ಬೆರೆಸುತ್ತಾರೆ. ಹಿಂದೆ ಬೆರೆಸಿದ್ದರ ಭಯ ಉಳಿದಿತ್ತಲ್ಲ, ಅಮ್ಮ ಕೆರೆಯ ನೀರನ್ನು ಪರೀಕ್ಷೆಗೆ ಕಳಿಸಿದಳು. ಉತ್ತರ ಬರುವ ತನಕ ಗೌಡರ ಟ್ರ್ಯಾಕ್ಟರಿನಲ್ಲಿ ಪಕ್ಕದೂರಿನ ಕೆರೆಯಿಂದ ನೀರು ಬಂತು, ಮೊದಲು ಕೂಲಿಯವರ ಓಣಿಗೆ, ಕೊನೆಗೆ ಗೌಡರ ಮನೆಗೆ. ಆ ಸರದಿ ಹಾಕಿದ್ದು ಫಕೀರವ್ವ. ನೀರು ಕುಡಿಯಬಹುದು ಎಂಬ ಕಾಗದ ಬಂದ ದಿನ ಅವಳು ಮೊದಲ ಕೊಡ ಅದ್ದಿ, ಮಡಿಚಿದ ಬಟ್ಟೆಯಲ್ಲಿ ಸೋಸಿ, ನನ್ನ ಬೊಗಸೆಗೆ ಸುರಿದಳು. ಮಣ್ಣಿನ ರುಚಿ. ಅಂಥ ಸಿಹಿ ನೀರು ನಾನು ಕುಡಿದಿಲ್ಲ. ನನ್ನ ಈಜು ಹೇಗಿತ್ತು ಆಯಿ ಎಂದು ಕೇಳಿದೆ. "ಅಡ್ಡಿಯಿಲ್ಲ" ಎಂದಳು. ಈ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ನಾನು ನಂಬಿದ್ದೇನೆ.

ಕಳೆದ ತಿಂಗಳು ರಜೆಗೆ ಊರಿಗೆ ಬಂದಿದ್ದೆನಲ್ಲ, ಆಗ ನಡೆದದ್ದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಅಪ್ಪ ಮೀನು ತಂದ, ನಾನು ನಾಲ್ಕು ಜನರಷ್ಟು ತಿಂದೆ, ಆಮೇಲೆ ಉಳ್ಳಾಗಡ್ಡಿ ಕೇಳಿ ಕಲ್ಲಿನ ಮೇಲಿಟ್ಟು ಗುದ್ದಿ ಕೈ ಊದಿಸಿಕೊಂಡೆ. ಸಂಜೆ ಚಿಕ್ಕಪ್ಪನ ಮಕ್ಕಳೆಲ್ಲ ಹೊಳೆಗೆ ಹಾರುತ್ತಿದ್ದರು, ನನ್ನನ್ನೂ ಕರೆದರು. ಚಪ್ಪಲಿಯನ್ನು ದೂರದಲ್ಲೇ, ತೆಂಗಿನ ಮರದ ಬುಡದಲ್ಲಿ ಬಿಟ್ಟು ಬಂದೆ. ಏಕೆಂದು ಕೇಳಿ ಅವರು ನಕ್ಕರು. ನೀರಿನ ಅಂಚಿಗೆ ಬಂದು, ಹಾರುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದೆ, ಕೋಲು ಹಿಡಿದು ಯಾರಾದರೂ ಬೈಯಲು ಬರುತ್ತಾರೇನೋ ಎಂದು.

ಯಾರೂ ಬರಲಿಲ್ಲ. ಹಾರಿದೆ. ನೀರು ತಣ್ಣಗೆ ಚೆನ್ನಾಗಿಯೇ ಇತ್ತು, ಆದರೆ ಯಾರೂ ಬೈಯದ್ದು ನನಗೆ ಸ್ವಲ್ಪ ಬೇಜಾರಾಯಿತು.