ಪಟ್ಟಿಯಿಂದ ಹೋದ ಕುರಿ

ವಿಜಯಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾ ಪಿಎಚ್‌ಡಿಗೆ ಒದ್ದಾಡುತ್ತಿದ್ದ ಕಾಲ. ಟವರ್ ಇಲ್ಲದ ಕಡೆ ಸಂದೇಶ ಸಾಗಿಸುವ ನನ್ನ ಅಲ್ಗಾರಿದಮ್ಮಿಗೆ ಅಡ್ಡಾಡುವ ಪ್ರಯೋಗಶಾಲೆಯೊಂದು ಬೇಕಿತ್ತು. ಬಿಜ್ಜರಗಿಯ ಸೋದರತ್ತೆಯ ಕುರಿಹಿಂಡು ಸಿಕ್ಕಿತು. ಪ್ರತಿ ಕುರಿಯ ಕೊರಳಿಗೂ ಪುಟ್ಟ ರೇಡಿಯೋ ಡಬ್ಬಿ ಕಟ್ಟಿದೆ. ಒಂದು ಡಬ್ಬಿಯ ಮಾತನ್ನು ಪಕ್ಕದ್ದು ಕೇಳಿಸಿಕೊಂಡು ಮುಂದಿನದಕ್ಕೆ ದಾಟಿಸಬೇಕು, ಹಾಗೇ ಸಾಗಿ ನನ್ನ ಲ್ಯಾಪ್‌ಟಾಪ್ ಮುಟ್ಟಬೇಕು. ಡಬ್ಬಿಯೊಳಗೆ ಅಕ್ಕಪಕ್ಕದವರ ಪಟ್ಟಿ ಇರುತ್ತದೆ. ಅರ್ಧ ನಿಮಿಷ ದನಿ ಕೇಳದಿದ್ದರೆ ಆ ಹೆಸರು ಔಟ್. ಅಷ್ಟು ಬೇಗ ಮರೆಯುವುದೇ ಅದರ ಹೆಚ್ಚುಗಾರಿಕೆ ಎಂದು ನಾನು ಬೀಗಿದ್ದೇ ಬೀಗಿದ್ದು.

ಒಂದು ಸಂಜೆ ಹಿಂಡು ದೊಡ್ಡಿಗೆ ಬಂತು. ಅತ್ತೆ ಒಮ್ಮೆ ಕಣ್ಣಾಡಿಸಿ, "ಚೊಚ್ಚಲದ್ದು ಬಂದಿಲ್ಲ" ಎಂದಳು. ಮೊದಲ ಸಲ ಈಯಬೇಕಿದ್ದ ಕುರಿ, ದಿನ ತುಂಬಿತ್ತು. ಕತ್ತಲಾದರೆ ತೋಳ ಬಿಡುವುದಿಲ್ಲ. ಲ್ಯಾಪ್‌ಟಾಪ್ ನೋಡಿದರೆ, ಎಲ್ಲ ಸರಿ ಇದೆ ಎನ್ನುತ್ತಿತ್ತು.

"ಎಲ್ಲೈತಿ ಅದು?"

"ಪಟ್ಟಿಯಿಂದ ತೆಗದ್ ಹಾಕೇತಿ ಅತ್ತಿ. ದನಿ ಬರಲಿಲ್ಲಲ್ಲ..."

"ಏನ್ ಬೇ ಇದು! ತಪ್ಪಿಸ್ಕೊಂಡಿದ್ದನ್ನ ಹುಡುಕೂದು ಬಿಟ್ಟು ಮೊದಲ ಅದನ್ನ ಮರಿಯೂದೇನು? ಇಷ್ಟ್ ಓದಿ ಇದನ್ನ ಕಲ್ತಿ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಮಾತ್ರ ನಾಚಿಕೆಯಾಯಿತು. ಆಮೇಲೆ ಹೊಳೆಯಿತು: ದೋಷ ಹುಡುಕಲೆಂದು, ಯಾವ ಡಬ್ಬಿ ಯಾರ ಹೆಸರು ಅಳಿಸಿತೆಂಬುದನ್ನು ಬೇರೊಂದು ಕಡತದಲ್ಲಿ ಬರೆಸಿಟ್ಟಿದ್ದೆ. ತಡಕಾಡಿದೆ. ಚೊಚ್ಚಲದ್ದರ ಹೆಸರನ್ನು ಎಲ್ಲಕ್ಕಿಂತ ಕೊನೆಗೆ ಅಳಿಸಿದ್ದು ಕುಂಟು ಕುರಿಯ ಡಬ್ಬಿ, ಅಂದರೆ ದನಿ ಕೊನೆಗೆ ಕೇಳಿಸಿದ್ದು ಅದಕ್ಕೆ. ಎಲ್ಲಿ ಎಂಬುದು ಮಾತ್ರ ಡಬ್ಬಿಗೆ ತಿಳಿಯದು ಎಂದು ಅತ್ತೆಗೆ ಹೇಳಿದೆ.

"ಕುಂಟಿಗೇನ್? ಅದು ದಿನಾ ಹಿಂದ ಉಳಿಯೂದು ದ್ರಾಕ್ಷಿ ಪಡದ ಬೇಲಿ ಹತ್ರ, ಉದುರಿದ ಎಲಿ ತಿನ್ನಾಕ. ನಡಿ ನಡಿ!"

ದ್ರಾಕ್ಷಿ ತೋಟದ ಕಡೆ ಓಡಿದೆವು. ಬೇಲಿಯ ಜಾಲಿ ಕಂಟಿಯ ಬುಡದಲ್ಲಿ ಕುರಿ ಬಿದ್ದುಕೊಂಡಿತ್ತು. ಮರಿಯ ಮುಂಗಾಲುಗಳಷ್ಟೇ ಹೊರಬಂದು ಸಿಕ್ಕಿಕೊಂಡಿದ್ದವು. ಅತ್ತೆ ಕೈಹಾಕಿ, ಕುರಿ ತಿಣುಕಿದಾಗಲೆಲ್ಲ ಮೆಲ್ಲಗೆ ಎಳೆದಳು. ಮರಿ ಜಾರಿ ಬಂದು ಸೀನಿತು. ಯಪ್ಪಾ, ಆ ಸೀನು ಕೇಳಿ ನನಗೆ ಕಣ್ಣೀರೇ ಬಂದುಬಿಟ್ಟಿತು.

ಆ ವಾರವೇ ಅಲ್ಗಾರಿದಮ್ಮನ್ನು ತಿದ್ದಿದೆ. ದನಿ ಕೇಳದವರ ಮೂಲಕ ಸಂದೇಶ ಕಳಿಸಬೇಡ, ಆದರೆ ಹೆಸರು ಅಳಿಸಬೇಡ. ಕೊನೆಗೆ ಕೇಳಿಸಿಕೊಂಡವರು ಯಾರೆಂದು ಇಟ್ಟುಕೋ. ಕಾಲೇಜಿನಲ್ಲಿ ನನ್ನ ಮಾರ್ಗದರ್ಶಕರು ಫಲಿತಾಂಶ ನೋಡಿ ಮುಖ ಸಿಂಡರಿಸಿದರು.

"ವೇಗ ಕಡಿಮಿ ಆಗೇತಲ್ಲ?"

"ಆಗ್ಲಿ ಬಿಡ್ರಿ ಸರ್," ಎಂದೆ, "ಒಂದು ಮರಿ ಹೆಚ್ಚಾಗೇತಿ."